ಚುಕುಬುಕು ರೈಲು, ಗಡಗಡ ರೋಲರ್ ಕೋಸ್ಟರ್



ನಮ್ಮ ಪಿಕ್ನಿಕ್‌ಗಳಲ್ಲಿ ನನ್ನನ್ನು ನೋಡಿದವರಿಗೆಲ್ಲ ಒಂದು ವಿಷಯ ಗೊತ್ತು. ಊಟ ಮುಗಿದು ಗಂಡಸರು ಇಸ್ಪೀಟಿಗೆ, ಹೆಂಗಸರು ಅಂತ್ಯಾಕ್ಷರಿಗೆ ಕೂತರೆ ನಾನು ಮಕ್ಕಳ ಜೊತೆ ಪಾರ್ಕಿನ ಪುಟ್ಟ ರೈಲಿನ ಕ್ಯೂನಲ್ಲಿ ನಿಂತಿರುತ್ತೇನೆ. "ಐವತ್ತು ದಾಟಿದ ಮೇಲೂ ಇದೇನ್ರೀ ಹುಚ್ಚು?" ಎಂದು ಕೇಳದವರಿಲ್ಲ. ಈ ಸಂಚಿಕೆಯಲ್ಲಿ ಅದಕ್ಕೆ ಉತ್ತರ ಬರೆಯೋಣ ಅಂತ ಕೂತಿದ್ದೇನೆ. ಉಗಿಬಂಡಿ ಮತ್ತು ರೋಲರ್ ಕೋಸ್ಟರ್ ನನ್ನ ಎರಡು ಹುಚ್ಚುಗಳಲ್ಲ, ಒಂದೇ ಹುಚ್ಚು. ಅದು ಹೇಗೆ ಅಂತ ಹೇಳುತ್ತೇನೆ.

ಮೊದಲೇ ಒಂದು ಮಾತು. ನಾನಿರುವುದು ಮೇರಿಲ್ಯಾಂಡಿನ ಕೊಲಂಬಿಯಾದಲ್ಲಿ. ಸೌತ್ ಕೆರೊಲಿನಾದ ಕೊಲಂಬಿಯಾದ ಬಂಧುಗಳು ಬೇಸರಿಸಬೇಡಿ, ನಿಮ್ಮ ಕಡೆಗೂ ಬರುತ್ತೇನೆ!

ಅಶೋಕಪುರಂನ ಸೈರನ್

ನಾನು ಹುಟ್ಟಿ ಬೆಳೆದದ್ದು ಮೈಸೂರಿನಲ್ಲಿ. ಅಪ್ಪ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ಬೆಳಗ್ಗೆ ಸೈರನ್ ಕೂಗಿದರೆ ನಮ್ಮ ಬೀದಿಯ ಗಡಿಯಾರಗಳೆಲ್ಲ ಸರಿಹೋಗುತ್ತಿದ್ದವು. ವರ್ಷಕ್ಕೊಮ್ಮೆಯಾದರೂ ನಂಜನಗೂಡಿಗೆ ಮೀಟರ್ ಗೇಜ್ ಉಗಿಬಂಡಿಯಲ್ಲಿ ಹೋಗುತ್ತಿದ್ದೆವು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕಣ್ಣಿಗೆ ಕಲ್ಲಿದ್ದಲ ಪುಡಿ ಬೀಳಿಸಿಕೊಳ್ಳುವುದು, ಅಮ್ಮ ಸೆರಗಿನ ತುದಿಯಿಂದ ಅದನ್ನು ತೆಗೆಯುವುದು, ಮತ್ತೆ ತಲೆ ಹೊರಗೆ ಹಾಕುವುದು... ಇದೇ ಕಾರ್ಯಕ್ರಮ. ದಸರಾ ವಸ್ತುಪ್ರದರ್ಶನಕ್ಕೆ ಹೋದರೆ ಜಾಯಿಂಟ್ ವೀಲ್, ಕೊಲಂಬಸ್. ಆ ಕೊಲಂಬಸ್‌ನ ತುದಿಯಲ್ಲಿ ಕೂತು ಕಿರುಚಿದವನು ಮುಂದೆ ಕೊಲಂಬಿಯಾಕ್ಕೇ ಬಂದು ನೆಲೆಸುತ್ತಾನೆಂದು ಯಾರಿಗೆ ಗೊತ್ತಿತ್ತು!

ಅಪ್ಪ ಅಮೆರಿಕಕ್ಕೆ ಬಂದದ್ದು ಒಂದೇ ಸಲ, 2006ರ ಬೇಸಿಗೆಯಲ್ಲಿ. ನಯಾಗರ, ವೈಟ್ ಹೌಸ್ ಎಲ್ಲ ತೋರಿಸಿದೆ. "ಚೆನ್ನಾಗಿದೆ" ಎಂದು ಹೇಳಿ ಸುಮ್ಮನಾಗುತ್ತಿದ್ದರು. ಕೊನೆಗೆ ಮನೆಯಿಂದ ಕಾಲು ಗಂಟೆ ದೂರದ ಎಲಿಕಾಟ್ ಸಿಟಿಗೆ ಕರೆದುಕೊಂಡು ಹೋದೆ. ಅಲ್ಲಿ ಬಾಲ್ಟಿಮೋರ್ ಅಂಡ್ ಒಹಾಯೋ ರೈಲ್ವೆಯ ಕಲ್ಲಿನ ನಿಲ್ದಾಣವಿದೆ. 1830ರಲ್ಲಿ ಕಟ್ಟಲು ಶುರುಮಾಡಿದ ಇದು ಅಮೆರಿಕದಲ್ಲಿ ಉಳಿದಿರುವ ಅತಿ ಹಳೆಯ ರೈಲು ನಿಲ್ದಾಣ. ಬಾಲ್ಟಿಮೋರಿನಿಂದ ಇಲ್ಲಿಗೆ 13 ಮೈಲಿ ಹಳಿ. ಮೊದಮೊದಲು ಆ ಹಳಿಯ ಮೇಲೆ ಬಂಡಿ ಎಳೆಯುತ್ತಿದ್ದದ್ದು ಕುದುರೆ. ಅಪ್ಪ ಅಲ್ಲಿ ಒಂದು ಗಂಟೆ ಓಡಾಡಿದರು. ಆಗ ಗೊತ್ತಾಯಿತು, ಇವರಿಗೆ ಏನು ತೋರಿಸಬೇಕು ಅಂತ.

ಕುದುರೆ ಗೆದ್ದದ್ದು ಹೇಗೆ?

ಆ ಹಳಿಯ ಮೇಲೆ 1830ರಲ್ಲಿ ಪೀಟರ್ ಕೂಪರ್ ಎಂಬಾತ 'ಟಾಮ್ ಥಂಬ್' ಎಂಬ ಪುಟ್ಟ ಉಗಿಯಂತ್ರ ಓಡಿಸಿದ. ಅದಕ್ಕೂ ಕುದುರೆಗೂ ಪಂದ್ಯ ನಡೆಯಿತು, ಯಂತ್ರ ಮುಂದಿತ್ತು, ಅಷ್ಟರಲ್ಲಿ ಬೆಲ್ಟ್ ಜಾರಿ ಕುದುರೆ ಗೆದ್ದಿತು ಎನ್ನುವುದು ಇಲ್ಲಿನ ಪ್ರಸಿದ್ಧ ಕಥೆ. ಅದು ಬೆಂಕಿಗೆ ಗಾಳಿ ಊದುವ ಬೀಸಣಿಗೆಯ ಬೆಲ್ಟ್. ಈ ಯಂತ್ರದ ಪ್ರತಿಕೃತಿಯೊಂದು ಬಾಲ್ಟಿಮೋರಿನ ಬಿ ಅಂಡ್ ಒ ರೈಲ್ವೆ ಮ್ಯೂಸಿಯಮ್ಮಿನಲ್ಲಿದೆ.

ನಮ್ಮ ಊರಿನ ಬಚ್ಚಲುಮನೆಯ ಹಂಡೆ ನೆನಪಿಸಿಕೊಳ್ಳಿ. ಒಲೆ ಮಂಕಾದರೆ ಊದುಗೊಳವೆ ಹಿಡಿದು ಊದಬೇಕು. ರೈಲಿನ ಬಾಯ್ಲರಿಗೂ ಅದೇ ಕಷ್ಟ. ಇದಕ್ಕೆ ಇಂಜಿನಿಯರುಗಳು ಕಂಡುಕೊಂಡ ಉಪಾಯ ಬಹಳ ಚೆಂದದ್ದು. ಸಿಲಿಂಡರಿನಲ್ಲಿ ಪಿಸ್ಟನ್ ತಳ್ಳಿ ಕೆಲಸ ಮುಗಿಸಿದ ಉಗಿಯನ್ನು ಸುಮ್ಮನೆ ಹೊರಗೆ ಬಿಡದೆ ಚಿಮಣಿಯ ಮೂಲಕ ಮೇಲಕ್ಕೆ ಚಿಮ್ಮಿಸುವುದು. ಅದು ನುಗ್ಗುವಾಗ ಹೊಗೆಯನ್ನೂ ಸೆಳೆದುಕೊಂಡು ಹೋಗುತ್ತದೆ, ಹಿಂದೆ ಬೆಂಕಿಗೆ ಹೊಸ ಗಾಳಿ ನುಗ್ಗುತ್ತದೆ. ರೈಲು ಹೆಚ್ಚು ಕಷ್ಟಪಟ್ಟಷ್ಟೂ ಬೆಂಕಿ ಹೆಚ್ಚು ಉರಿಯುತ್ತದೆ. ಅಂದರೆ ಉಗಿಬಂಡಿ ತನ್ನ ತಿದಿಯನ್ನು ತಾನೇ ಒತ್ತಿಕೊಳ್ಳುತ್ತದೆ! ನಾವು 'ಚುಕುಬುಕು' ಎನ್ನುವ ಸದ್ದು ಬೇರೇನಲ್ಲ, ಆ ಉಗಿಯ ಉಸಿರು. ಎರಡು ಸಿಲಿಂಡರಿನ ಸಾಧಾರಣ ಇಂಜಿನ್ನಿನಲ್ಲಿ ಚಕ್ರ ಒಂದು ಸುತ್ತು ತಿರುಗಿದರೆ ನಾಲ್ಕು ಉಸಿರು. ಇದನ್ನು ನನಗೆ ಹೇಳಿಕೊಟ್ಟದ್ದು ಅಪ್ಪನೇ.

ಟ್ವೀಟ್ಸಿ

ಎಲಿಕಾಟ್ ಸಿಟಿ, ಬಾಲ್ಟಿಮೋರ್ ಮ್ಯೂಸಿಯಂ ಎರಡೂ ಮುಗಿದ ಮೇಲೆ ಅಪ್ಪನನ್ನೂ ಆರು ವರ್ಷದ ಮಗಳನ್ನೂ ಕಾರಿನಲ್ಲಿ ಕೂರಿಸಿಕೊಂಡು, ಚಿತ್ರಾನ್ನ ಮೊಸರನ್ನ ಕಟ್ಟಿಕೊಂಡು, ನಾರ್ತ್ ಕೆರೊಲಿನಾದ ಬ್ಲೋಯಿಂಗ್ ರಾಕ್‌ಗೆ ಹೊರಟೆವು. ಏಳು ಗಂಟೆಗೂ ಮೇಲ್ಪಟ್ಟ ದಾರಿ. ಅಲ್ಲಿ ಗುಡ್ಡದ ನಡುವೆ ಟ್ವೀಟ್ಸಿ ರೈಲ್‌ರೋಡ್ ಎಂಬ ಪಾರ್ಕ್ ಇದೆ. ಪಾರ್ಕಿನ ರೈಲು ಎಂದರೆ ಹೊರಗೆ ಉಗಿಬಂಡಿಯ ವೇಷ, ಒಳಗೆ ಡೀಸೆಲ್ ಇರುವುದೇ ಹೆಚ್ಚು. ಇದು ಹಾಗಲ್ಲ. ಇಲ್ಲಿನ 12ನೇ ನಂಬರಿನ ಇಂಜಿನ್ ಫಿಲಡೆಲ್ಫಿಯಾದ ಬಾಲ್ಡ್‌ವಿನ್ ಕಾರ್ಖಾನೆಯಲ್ಲಿ 1917ರಲ್ಲಿ ತಯಾರಾದದ್ದು. ಟೆನೆಸ್ಸಿಯ ಜಾನ್ಸನ್ ಸಿಟಿಯಿಂದ ಗುಡ್ಡ ಹತ್ತಿ ಬೂನ್ ಊರಿನವರೆಗೆ ಇದ್ದ ಸಣ್ಣ ಗೇಜಿನ ರೈಲಿನಲ್ಲಿ ದುಡಿದದ್ದು. 1940ರ ಪ್ರವಾಹದಲ್ಲಿ ಬೂನ್ ಕಡೆಯ ಹಳಿ ಕೊಚ್ಚಿಹೋಯಿತು, 1950ರಲ್ಲಿ ಉಳಿದ ಸಣ್ಣ ಗೇಜೂ ಮುಚ್ಚಿತು. ಆಗ ವರ್ಜೀನಿಯಾದ ಕೆಲವು ರೈಲುಪ್ರೇಮಿಗಳು ಇಂಜಿನ್ ಕೊಂಡು ತಮ್ಮ ಕಡೆ ಓಡಿಸಿದರು. 1954ರ ಹೇಜಲ್ ಚಂಡಮಾರುತ ಆ ಹಳಿಯನ್ನೂ ಹಾಳುಮಾಡಿತು. ಕೊನೆಗೆ ಗ್ರೋವರ್ ರಾಬಿನ್ಸ್ ಎಂಬುವರು ಅದನ್ನು ತಮ್ಮ ಗುಡ್ಡಗಳಿಗೆ ವಾಪಸು ತಂದು 1957ರ ಜುಲೈ 4ರಂದು ಮತ್ತೆ ಹಳಿಯ ಮೇಲೆ ಓಡಿಸಿದರು. ಇನ್ನೊಂದು ಇಂಜಿನ್ 'ಯೂಕಾನ್ ಕ್ವೀನ್', 1943ರದು, ಅಲಾಸ್ಕಾ ಕಡೆಯಿಂದ ಬಂದದ್ದು. ಎರಡಕ್ಕೂ ಹೊಟ್ಟೆಗೆ ಕಲ್ಲಿದ್ದಲೇ.

ಅಪ್ಪ ಇಳಿದವರೇ ಹಳಿಯ ಹತ್ತಿರ ಬಗ್ಗಿ ನೋಡಿದರು. "ಮೂರಡಿ ಗೇಜು ಕಣೋ. ನಮ್ಮ ಮೀಟರ್ ಗೇಜಿಗಿಂತ ಮೂರು ಚಿಲ್ಲರೆ ಇಂಚು ಕಡಮೆ" ಎಂದರು. ಆಮೇಲೆ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ರೈಲು ಏರು ಹತ್ತುವಾಗ ಅವಳ ಅಂಗೈ ಮೇಲೆ ಬೆರಳಿನಿಂದ ತಟ್ಟುತ್ತ "ಒಂದು, ಎರಡು, ಮೂರು, ನಾಲ್ಕು... ಒಂದು ಸುತ್ತು!" ಎಂದು ಎಣಿಸಿದರು. ದಾರಿಯಲ್ಲಿ ಕೌಬಾಯ್ ವೇಷದವರು ರೈಲು ದರೋಡೆ ನಾಟಕ ಆಡಿದಾಗ ಮಗಳು ತಾತನ ಜುಬ್ಬ ಗಟ್ಟಿಯಾಗಿ ಹಿಡಿದುಕೊಂಡಳು. ಅವಳಿಗೆ ಕನ್ನಡದಲ್ಲಿ ನಾಲ್ಕರವರೆಗಿನ ಅಂಕಿ ಖಾಯಂ ಆದದ್ದು ಆ ದಿನವೇ ಅಂತ ನಾವು ಈಗಲೂ ತಮಾಷೆ ಮಾಡುತ್ತೇವೆ.

ಇಂಜಿನ್ ಇಲ್ಲದ ರೈಲು

ಇನ್ನು ರೋಲರ್ ಕೋಸ್ಟರ್ ಕಡೆಗೆ ಬರೋಣ. ಅದು ರೈಲಿನ ಖಾಸಾ ತಂಗಿ. ಪೆನ್ಸಿಲ್ವೇನಿಯಾದ ಮಾಕ್ ಚಂಕ್‌ನಲ್ಲಿ 1827ರಲ್ಲಿ ಗುಡ್ಡದ ಮೇಲಿನ ಗಣಿಯಿಂದ ಕಲ್ಲಿದ್ದಲು ಇಳಿಸಲು ಹಳಿ ಹಾಕಿದರು. ಇಳಿಯುವಾಗ ಬಂಡಿ ತಾನೇ ಓಡುತ್ತಿತ್ತು. ಖಾಲಿ ಬಂಡಿ ಮೇಲಕ್ಕೆಳೆಯುವ ಹೇಸರಗತ್ತೆಗಳೂ ಇಳಿಯುವಾಗ ಬಂಡಿಯಲ್ಲೇ ಸವಾರಿ! ಮುಂದೆ ಇದೇ ಹಳಿ ಪ್ರವಾಸಿಗರ ಮೋಜಿನ ಸವಾರಿಯಾಯಿತು. 1884ರಲ್ಲಿ ಲಮಾರ್ಕಸ್ ಥಾಂಪ್ಸನ್ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಟಿಕೆಟ್ಟಿಗೆ 5 ಸೆಂಟ್ ಇಟ್ಟು ಇಂಥ ಸವಾರಿ ತೆರೆದ. ವೇಗ ಗಂಟೆಗೆ 6 ಮೈಲಿ. ನಮ್ಮೂರಿನ ಜಟಕಾಗಾಡಿ ಅದಕ್ಕಿಂತ ಜೋರಾಗಿ ಓಡುತ್ತಿತ್ತು!

ತತ್ವ ಸರಳ. ಒಂದು ಸರಪಳಿ ಬಂಡಿಯನ್ನು ಮೊದಲ ಏರಿನ ತುದಿಗೆ ಎಳೆಯುತ್ತದೆ. ಮೋಟಾರಿನ ಕೆಲಸ ಅಲ್ಲಿಗೆ ಮುಗಿಯಿತು, ಉಳಿದದ್ದೆಲ್ಲ ಭೂಮಿಯ ಸೆಳೆತ. ಆ ಎತ್ತರದ ಬಂಡವಾಳವನ್ನೇ ವೇಗವಾಗಿ ಖರ್ಚು ಮಾಡುತ್ತ ಹೋಗಬೇಕು. ದಾರಿಯಲ್ಲಿ ಗಾಳಿ ಮತ್ತು ಘರ್ಷಣೆ ಒಂದಿಷ್ಟು ತಿನ್ನುತ್ತವೆ, ಹಾಗಾಗಿ ಮುಂದಿನ ಗುಡ್ಡಗಳು ಮೊದಲನೆಯದಕ್ಕಿಂತ ತಗ್ಗು. ಏರುವಾಗ ಕೇಳುವ 'ಟಕ ಟಕ ಟಕ' ಸದ್ದಿಗೆ ಹೆದರಬೇಡಿ. ಬಂಡಿಯ ಕೆಳಗಿನ ಕೊಕ್ಕೆ ಹಲ್ಲುಪಟ್ಟಿಯ ಒಂದೊಂದೇ ಹಲ್ಲಿಗೆ ಬಿದ್ದು ಕೂರುವ ಸದ್ದು ಅದು. ಸರಪಳಿ ತುಂಡಾದರೂ ಬಂಡಿ ಹಿಂದಕ್ಕೆ ಜಾರದು. ಚಕ್ರಗಳಲ್ಲೂ ಮೂರು ಬಗೆ: ಹಳಿಯ ಮೇಲೆ ಓಡುವುದು, ಪಕ್ಕಕ್ಕೆ ಒತ್ತುವುದು, ಹಳಿಯ ಅಡಿಯಿಂದ ಹಿಡಿಯುವುದು. ಅಡಿಯ ಚಕ್ರಕ್ಕೆ 1919ರಲ್ಲಿ ಪೇಟೆಂಟ್ ಪಡೆದವನು ಜಾನ್ ಮಿಲ್ಲರ್. ಬಂಡಿ ಗುಡ್ಡ ದಾಟುವಾಗ ಸೀಟಿನಿಂದ ನಾವು ಮೇಲೇಳುತ್ತೇವಲ್ಲ, ಆಗ ಬಂಡಿಯೂ ಏಳದಂತೆ ತಡೆಯುವುದು ಅದೇ. ಜೀವ ಬಾಯಿಗೆ ಬರುವ ಅನುಭವ ಬೇಕಿದ್ದರೆ ಕೊನೆಯ ಸಾಲಿನಲ್ಲಿ ಕೂರಿ. ಮುಂದಿನ ಡಬ್ಬಿಗಳು ಆಗಲೇ ಕೆಳಗೆ ಓಡುತ್ತಿರುವುದರಿಂದ ಹಿಂದಿನದನ್ನು ತುದಿಯ ಮೇಲಿಂದ ಸೆಳೆದು ಎಸೆದಂತಾಗುತ್ತದೆ.

ಇನ್ನೊಂದು ಸಂಗತಿ ನೋಡಿ. ಮರದ ಕೋಸ್ಟರಿನ ಹಳಿಯೆಂದರೆ ಒಂದರ ಮೇಲೊಂದು ಹೊಂದಿಸಿದ ಮರದ ಹಲಗೆಗಳು, ಮೇಲೆ ಉಕ್ಕಿನ ಪಟ್ಟಿ. 1830ರಲ್ಲಿ ಎಲಿಕಾಟ್ ಸಿಟಿಯ ರೈಲಿಗೂ ಮರ ಅಥವಾ ಕಲ್ಲಿನ ತೊಲೆಯ ಮೇಲೆ ಕಬ್ಬಿಣದ ಪಟ್ಟಿಯನ್ನೇ ಹೊಡೆದಿದ್ದರು. ದೊಡ್ಡ ರೈಲು ಎಂದೋ ಮರೆತ ಹಳಿಯನ್ನು ಆಟದ ರೈಲು ಉಳಿಸಿಕೊಂಡಿದೆ!

ನಮ್ಮ ಪಕ್ಕದ ಮರದ ಬಂಡಿ

ಕೊಲಂಬಿಯಾದಿಂದ ಮುಕ್ಕಾಲು ಗಂಟೆ ದೂರದ ಸಿಕ್ಸ್ ಫ್ಲಾಗ್ಸ್ ಅಮೆರಿಕ ಪಾರ್ಕಿನಲ್ಲಿ 'ವೈಲ್ಡ್ ಒನ್' ಎಂಬ ಮರದ ಕೋಸ್ಟರ್ ಇತ್ತು. ಎತ್ತರ 98 ಅಡಿ, ಉದ್ದ ಸುಮಾರು 4,000 ಅಡಿ, ವೇಗ ಗಂಟೆಗೆ 50 ಮೈಲಿ ದಾಟುತ್ತಿತ್ತು. ಅದು ಹುಟ್ಟಿದ್ದು ಇಲ್ಲಲ್ಲ. ಮ್ಯಾಸಚೂಸೆಟ್ಸ್‌ನ ಹಲ್ ಊರಿನ ಸಮುದ್ರದಂಡೆಯ ಪ್ಯಾರಗನ್ ಪಾರ್ಕಿನಲ್ಲಿ, 1917ರಲ್ಲಿ. ಹೌದು, ಟ್ವೀಟ್ಸಿಯ 12ನೇ ನಂಬರಿನ ಜೊತೆಯವಳು! ವಿನ್ಯಾಸ ಮಾಡಿದ್ದು ಮೇಲೆ ಹೇಳಿದ ಜಾನ್ ಮಿಲ್ಲರ್. ಬೆಂಕಿಯ ಅನಾಹುತ ಕಂಡು, ರಿಪೇರಿಯಾಗಿ, 1984ರಲ್ಲಿ ಆ ಪಾರ್ಕ್ ಮುಚ್ಚಿದ ಮೇಲೆ ಹರಾಜಿನಲ್ಲಿ ಮಾರಾಟವಾಗಿ, 1986ರಲ್ಲಿ ಮೇರಿಲ್ಯಾಂಡಿನಲ್ಲಿ ಮತ್ತೆ ಎದ್ದು ನಿಂತಿತು. ನಮ್ಮ ಹಾಗೇ ಊರು ಬಿಟ್ಟು ಬಂದು ಇಲ್ಲಿ ಬೇರು ಬಿಟ್ಟದ್ದು ಅನ್ನಿ.

2025ರ ಮೇ ತಿಂಗಳಲ್ಲಿ ಆ ಪಾರ್ಕೇ ಮುಚ್ಚುತ್ತದೆ ಎಂಬ ಸುದ್ದಿ ಬಂತು. ಬೇರೆ ಊರಿನಲ್ಲಿ ಕೆಲಸದಲ್ಲಿರುವ ಮಗಳು ಫೋನ್ ಮಾಡಿ, "ಅಪ್ಪಾ, ಒಂದು ಸಲ ಹೋಗಿ ಬರೋಣ" ಎಂದಳು. ಅಕ್ಟೋಬರಿನ ಒಂದು ಶನಿವಾರ ಹೋದೆವು. ಪಾರ್ಕಿಂಗ್ ಲಾಟಿನಲ್ಲಿ ಎಂದಿನಂತೆ ಚಿತ್ರಾನ್ನ. ಕ್ಯೂ ಉದ್ದವಿತ್ತು. ಕೊನೆಯ ಸಾಲಿನಲ್ಲಿ ಕೂತೆವು. ಸರಪಳಿ 'ಟಕ ಟಕ' ಎನ್ನುತ್ತ ಏರುವಾಗ ಮಗಳು ನನ್ನ ಅಂಗೈ ಮೇಲೆ ಬೆರಳಿನಿಂದ ತಟ್ಟತೊಡಗಿದಳು. ಒಂದು, ಎರಡು, ಮೂರು, ನಾಲ್ಕು. ಅಪ್ಪ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಇಳಿದ ಮೇಲೆ ಕಣ್ಣೊರೆಸಿಕೊಂಡೆ. ಗಾಳಿಗೆ ಅಂತ ಹೇಳಿದೆ, ಅವಳೂ ಒಪ್ಪಿದಳು. ನವೆಂಬರ್ 2ರಂದು, ರಾಜ್ಯೋತ್ಸವದ ಮರುದಿನ, ಪಾರ್ಕಿನ ಗೇಟು ಮುಚ್ಚಿತು.

ಒಂದೇ ವರ್ಷ ಹುಟ್ಟಿದ ಎರಡು ಬಂಡಿಗಳು. ಎರಡೂ ಮನೆ ಕಳೆದುಕೊಂಡಿದ್ದವು, ಎರಡನ್ನೂ ಯಾರೋ ಕೈಹಿಡಿದು ಎತ್ತಿದರು. ಒಂದು ಇನ್ನೂ ಹೊಗೆ ಬಿಡುತ್ತಿದೆ, ಇನ್ನೊಂದು ನಿಂತಿತು. ಕಬ್ಬಿಣವಾಗಲಿ ಮರವಾಗಲಿ ತಾನಾಗಿ ಬಾಳುವುದಿಲ್ಲ. ಪ್ರತಿ ಚಳಿಗಾಲ ಬಾಯ್ಲರ್ ಬಿಚ್ಚುವವರು, ಬೆಳಗ್ಗೆ ಹಲಗೆಗಳ ಮೇಲೆ ನಡೆದು ಸಡಿಲವಾದ ಬೋಲ್ಟ್ ಬಿಗಿ ಮಾಡುವವರು, ಟಿಕೆಟ್ ಕೊಂಡು ಹತ್ತುವವರು, ಮೂವರೂ ಬೇಕು. ನೋಡುವ ಕಣ್ಣಿಗೂ ಬೆಲೆಯಿದೆ. ಎರಡು ಕೆರೊಲಿನಾಗಳ ಗಡಿಯ ಮೇಲೇ ಕೂತಿರುವ ಕ್ಯಾರೋವಿಂಡ್ಸ್‌ನಲ್ಲಿ 325 ಅಡಿ ಎತ್ತರದ 'ಫ್ಯೂರಿ 325' ಇದೆಯಲ್ಲ, 2023ರಲ್ಲಿ ಅದರ ಕಂಬವೊಂದು ಸೀಳಿದ್ದನ್ನು ನೋಡಿ ವಿಡಿಯೋ ಮಾಡಿದ್ದು ಪಾರ್ಕಿಗೆ ಬಂದಿದ್ದ ಒಬ್ಬ ತಂದೆ. ಕೂಡಲೇ ನಿಲ್ಲಿಸಿ, ಕಂಬ ಬದಲಿಸಿ, ಮತ್ತೆ ಶುರುಮಾಡಿದರು.

ಎಲ್ಲಿ ಹತ್ತಬಹುದು?

ಕೆರೊಲಿನಾದವರಿಗೆ ಟ್ವೀಟ್ಸಿ ಹತ್ತಿರ, ಹೋಗಿಬನ್ನಿ. ಅಟ್ಲಾಂಟಾದವರಿಗೆ ಸಿಕ್ಸ್ ಫ್ಲಾಗ್ಸ್ ಓವರ್ ಜಾರ್ಜಿಯಾದಲ್ಲಿ 1973ರ ಮರದ ಕೋಸ್ಟರ್ 'ಗ್ರೇಟ್ ಅಮೆರಿಕನ್ ಸ್ಕ್ರೀಮ್ ಮಷಿನ್' ಇದೆ. ನಮ್ಮ ಕಡೆಯವರು ಉತ್ತರಕ್ಕೆ ಹೊರಟರೆ ಹರ್ಷಿಪಾರ್ಕಿನಲ್ಲಿ 1946ರ 'ಕಾಮೆಟ್'. ಇನ್ನೂ ಮುಂದೆ ಹೋದರೆ ನೋಬೆಲ್ಸ್ ಪಾರ್ಕ್. ಒಳಗೆ ಹೋಗಲು ದುಡ್ಡಿಲ್ಲ, ಹತ್ತಿದ್ದಕ್ಕೆ ಮಾತ್ರ ಟಿಕೆಟ್. ಅಲ್ಲಿನ 'ಫೀನಿಕ್ಸ್' 1947ರಲ್ಲಿ ಟೆಕ್ಸಾಸ್‌ನಲ್ಲಿ ಹುಟ್ಟಿ, ಪಾರ್ಕ್ ಮುಚ್ಚಿ ವರ್ಷಗಟ್ಟಲೆ ನಿಂತಿದ್ದು, 1985ರಲ್ಲಿ ಪೆನ್ಸಿಲ್ವೇನಿಯಾಕ್ಕೆ ಬಂದು ಮತ್ತೆ ಓಡತೊಡಗಿದ್ದು. ಅದನ್ನು ಹತ್ತಿದಾಗೆಲ್ಲ ನನಗೆ ಧೈರ್ಯ ಬರುತ್ತದೆ.

ಊರಿಂದ ಅಪ್ಪ ಅಮ್ಮ ಬಂದರೆ ನಯಾಗರ ತೋರಿಸಿ, ಬೇಡ ಅನ್ನುವುದಿಲ್ಲ. ಆದರೆ ಒಂದು ದಿನ ಉಗಿಬಂಡಿಗೂ ಎತ್ತಿಡಿ. ಅವರಿಗೆ ಅದರಲ್ಲಿ ಹೇಳುವ ಕಥೆಯಿರುತ್ತದೆ, ಮಕ್ಕಳಿಗೆ ಕೇಳುವ ಕಥೆ ಸಿಗುತ್ತದೆ. ಕೂಟದ ಮುಂದಿನ ಪಿಕ್ನಿಕ್‌ನಲ್ಲಿ ಪುಟ್ಟ ರೈಲಿನ ಕ್ಯೂನಲ್ಲಿ ಸಿಗುತ್ತೇನೆ. ಬರುತ್ತೀರಿ ತಾನೇ?