ಎಂಜಿನ್‌ಎಕ್ಸ್ ಲಾಗ್ ಡೈರೆಕ್ಟರಿಯ ಅನುಮತಿ ದೋಷ

ಸಿವಿಇ-2016-1247 ಎಂಬುದು ಡೆಬಿಯನ್, ಉಬುಂಟು ಮೊದಲಾದ ಲಿನಕ್ಸ್ ವಿತರಣೆಗಳ ಎಂಜಿನ್‌ಎಕ್ಸ್ ವೆಬ್ ಸರ್ವರ್ ಪ್ಯಾಕೇಜಿನಲ್ಲಿ ಕಂಡುಬಂದ ಸುರಕ್ಷತಾ ದೋಷವಾಗಿದೆ. ಲಾಗ್ ಕಡತಗಳಿರುವ ಡೈರೆಕ್ಟರಿಯ ಒಡೆತನವನ್ನು ತಪ್ಪಾಗಿ ನಿಗದಿಪಡಿಸಿದ್ದುದು ಇದಕ್ಕೆ ಕಾರಣ. ಇದನ್ನು ದಾವಿದ್ ಗೊಲುನ್ಸ್ಕಿ ಎಂಬ ಸಂಶೋಧಕರು ಪತ್ತೆಹಚ್ಚಿದರು. 2016ರ ಅಕ್ಟೋಬರ್‌ನಲ್ಲಿ ಪರಿಹಾರ ಬಿಡುಗಡೆಯಾಯಿತು.

ಹಿನ್ನೆಲೆ

ಲಿನಕ್ಸ್‌ನಲ್ಲಿ ಒಡೆಯ, ಗುಂಪು ಮತ್ತು ಇತರರಿಗೆ ಓದುವ, ಬರೆಯುವ ಹಾಗೂ ಕಾರ್ಯಗತಗೊಳಿಸುವ ಅನುಮತಿಗಳನ್ನು ಪ್ರತ್ಯೇಕವಾಗಿ ನೀಡಲಾಗುತ್ತದೆ. ಡೈರೆಕ್ಟರಿಯ ಒಡೆಯನು ಅದರೊಳಗಿನ ಕಡತವನ್ನು, ಅದು ಬೇರೆಯವರಿಗೆ ಸೇರಿದ್ದರೂ, ಅಳಿಸಿ ಅದೇ ಹೆಸರಿನಲ್ಲಿ ಮತ್ತೊಂದನ್ನು ಇಡಬಹುದು.

ಎಂಜಿನ್‌ಎಕ್ಸ್‌ನ ಮುಖ್ಯ ಪ್ರಕ್ರಿಯೆಯು ಸರ್ವಾಧಿಕಾರವುಳ್ಳ ರೂಟ್ ಬಳಕೆದಾರನ ಹೆಸರಿನಲ್ಲಿ ನಡೆಯುತ್ತದೆ. ಕೋರಿಕೆಗಳಿಗೆ ಉತ್ತರಿಸುವ ಕಾರ್ಯಪ್ರಕ್ರಿಯೆಗಳು ಮಾತ್ರ ಸೀಮಿತ ಅಧಿಕಾರದ ಬಳಕೆದಾರನ ಹೆಸರಿನಲ್ಲಿ ನಡೆಯುತ್ತವೆ. ಜಾಲತಾಣದ ಮೂಲಕ ಯಾರಾದರೂ ಒಳನುಸುಳಿದರೂ ಇಡೀ ಗಣಕವು ಅವರ ವಶವಾಗಬಾರದೆಂಬುದು ಈ ವಿಭಜನೆಯ ಉದ್ದೇಶ.

ದೋಷದ ಸ್ವರೂಪ

ಲಾಗ್ ಡೈರೆಕ್ಟರಿಯು ಈ ಸೀಮಿತ ಬಳಕೆದಾರನ ಒಡೆತನದಲ್ಲಿತ್ತು. ಜಾಲತಾಣದ ಲೋಪವೊಂದರಿಂದ ಆ ಬಳಕೆದಾರನ ಅಧಿಕಾರ ಪಡೆದ ದಾಳಿಕೋರನು ದೋಷಗಳನ್ನು ದಾಖಲಿಸುವ ಲಾಗ್ ಕಡತವನ್ನು ಅಳಿಸಿ, ಅದೇ ಹೆಸರಿನಲ್ಲಿ ವ್ಯವಸ್ಥೆಯ ಮುಖ್ಯ ಕಡತವೊಂದಕ್ಕೆ ಸಾಂಕೇತಿಕ ಕೊಂಡಿಯನ್ನು ಇಡಬಹುದಿತ್ತು. ಹಳೆಯ ಲಾಗ್‌ಗಳನ್ನು ನಿಗದಿತ ಅವಧಿಗೊಮ್ಮೆ ಬದಿಗಿರಿಸಿದ ನಂತರ ಮುಖ್ಯ ಪ್ರಕ್ರಿಯೆಗೆ ಯುಎಸ್‌ಆರ್1 ಎಂಬ ಸಂಕೇತ ಹೋಗುತ್ತದೆ. ಆಗ ಅದು ಲಾಗ್‌ಗಳನ್ನು ರೂಟ್ ಅಧಿಕಾರದಲ್ಲಿ ಮತ್ತೆ ತೆರೆದು, ಅವುಗಳ ಒಡೆತನವನ್ನು ಸೀಮಿತ ಬಳಕೆದಾರನಿಗೆ ವಹಿಸುತ್ತದೆ. ಕೊಂಡಿ ಇದ್ದಲ್ಲಿ ಆ ಮುಖ್ಯ ಕಡತವೇ ದಾಳಿಕೋರನ ಕೈಸೇರುತ್ತಿತ್ತು. ಎಲ್ಲ ಪ್ರೋಗ್ರಾಮ್‌ಗಳಿಗೂ ಮೊದಲೇ ಸೇರಿಸಬೇಕಾದ ಲೈಬ್ರರಿಗಳ ಪಟ್ಟಿಯು ಅಂತಹ ಕಡತವಾದರೆ, ದಾಳಿಕೋರನು ತನ್ನ ಲೈಬ್ರರಿಯನ್ನು ಅದರಲ್ಲಿ ನಮೂದಿಸಿ ರೂಟ್ ಅಧಿಕಾರ ಪಡೆಯಬಹುದಿತ್ತು.

ಪರಿಹಾರ

ಡೆಬಿಯನ್ ತನ್ನ ಪರಿಷ್ಕೃತ ಪ್ಯಾಕೇಜಿನಲ್ಲಿ ಡೈರೆಕ್ಟರಿಯ ಒಡೆತನವನ್ನು ರೂಟ್‌ಗೆ ಬದಲಾಯಿಸಿತು. ಇದರಿಂದ ಸೀಮಿತ ಬಳಕೆದಾರನು ಲಾಗ್ ಕಡತದ ಜಾಗದಲ್ಲಿ ಕೊಂಡಿ ಇಡುವುದು ಅಸಾಧ್ಯವಾಯಿತು. ಆದರೆ ಕಾರ್ಯಪ್ರಕ್ರಿಯೆಗಳು ಲಾಗ್‌ಗಳನ್ನು ಮತ್ತೆ ತೆರೆಯಬೇಕಾದ್ದರಿಂದ, ಒಡೆಯರಲ್ಲದವರಿಗೂ ಡೈರೆಕ್ಟರಿಯ ಪ್ರವೇಶವನ್ನು ಉಳಿಸಬೇಕಾಯಿತು. ಪರಿಣಾಮವಾಗಿ, ಲಾಗ್ ಕಡತಗಳನ್ನು ಇತರ ಬಳಕೆದಾರರು ಓದುವ ಸಾಧ್ಯತೆಯಿದೆಯೆಂಬ ಹಿಂದಿನ ದೂರು ಮರುಕಳಿಸಿತು. ಗೌಪ್ಯತೆಯ ಈ ಕೊರತೆಯು ಗಣಕದ ಸಂಪೂರ್ಣ ನಿಯಂತ್ರಣ ಕಳೆದುಕೊಳ್ಳುವುದಕ್ಕಿಂತ ಕಡಿಮೆ ಅಪಾಯದ್ದಾದ್ದರಿಂದ, ಉತ್ತಮ ವಿಧಾನ ದೊರೆಯುವವರೆಗಿನ ರಾಜಿಯಾಗಿ ಅದನ್ನು ಒಪ್ಪಿಕೊಳ್ಳಲಾಯಿತು.