ಆಷಾಢದ ಬೋನ

ಭೋಜನವೆಂಬ ಸಂಸ್ಕೃತ ಪದವು ಕನ್ನಡಿಗರ ನಾಲಗೆಯಲ್ಲಿ ಸವೆದು ಬೋನವಾಯಿತು. ವಚನಕಾರರು ಬಳಸಿದ ಆ ತದ್ಭವವು ಇಂದು ನಮ್ಮ ದಿನಬಳಕೆಯಿಂದ ಬಹುಮಟ್ಟಿಗೆ ಮರೆಯಾಗಿದ್ದರೂ, ಅದರ ಒಡಹುಟ್ಟಾದ ತೆಲುಗು ರೂಪವು ಹೈದರಾಬಾದಿನ ಬೀದಿಗಳಲ್ಲಿ ಪ್ರತಿ ಆಷಾಢದಲ್ಲಿಯೂ ಹೆಂಗಸರ ತಲೆಯ ಮೇಲೇರಿ ಮೆರೆಯುತ್ತದೆ. ಬೋನಂ ಎಂದರೆ ದೇವಿಗೆ ಒಯ್ಯುವ ಅನ್ನದ ಗಡಿಗೆ. ಅದರ ಬಹುವಚನವಾದ ಬೋನಾಲು ಎಂಬುದೇ ಹಬ್ಬದ ಹೆಸರು.

ಆ ಗಡಿಗೆಯನ್ನು ಹತ್ತಿರದಿಂದ ನೋಡಬೇಕು. ಹೊಸ ಮಡಕೆಗೆ ಸುಣ್ಣದ ಪಟ್ಟೆ ಬಳಿದು, ಅರಿಸಿನ ಕುಂಕುಮಗಳ ಬೊಟ್ಟಿಟ್ಟು, ಹಾಲು ಬೆಲ್ಲಗಳೊಡನೆ ಬೆಂದ ಅನ್ನವನ್ನು ಒಳಗೆ ತುಂಬಿ, ಕೊರಳಿಗೆ ಬೇವಿನ ಸೊಪ್ಪನ್ನು ಸುತ್ತಿ, ಬಾಯಿಗೆ ಮುಚ್ಚಿದ ತಟ್ಟೆಯ ಮೇಲೆ ದೀಪವನ್ನು ಹಚ್ಚಿಡುತ್ತಾರೆ. ಮಳೆಗಾಲದ ಗಾಳಿಗೆ ಆ ದೀಪವು ನಂದದಂತೆ, ಡಪ್ಪಿನ ಬಡಿತಕ್ಕೆ ಹೆಜ್ಜೆ ತಪ್ಪದಂತೆ, ಕತ್ತನ್ನು ಅಲುಗಿಸದೆ ನಡೆವ ಗೃಹಿಣಿಯ ಗಾಂಭೀರ್ಯದೆದುರು, ಮೈಗೆ ಅರಿಸಿನ ಬಳಿದು ಚಾವಟಿ ಬೀಸುತ್ತ ಕುಣಿವ, ದೇವಿಯ ಸೋದರನೆನಿಸಿದ ಪೋತರಾಜುವಿನ ಆರ್ಭಟವೂ ನನಗೆ ಸಣ್ಣದಾಗಿಯೇ ತೋರುತ್ತದೆ.

ಈ ಹಬ್ಬವು ನಗರದಲ್ಲಿ ನೆಲೆಗೊಂಡ ಬಗೆಯನ್ನು ಸಿಕಂದರಾಬಾದಿನ ಉಜ್ಜಯಿನಿ ಮಹಾಂಕಾಳಿ ಗುಡಿಯ ಸ್ಥಳಪುರಾಣವು ಹೀಗೆ ಹೇಳುತ್ತದೆ. 1813ರಲ್ಲಿ ಹೈದರಾಬಾದಿನ ಸುತ್ತ ಮಹಾಮಾರಿ ಹಬ್ಬಿ ಜನರು ಸಾಯುತ್ತಿದ್ದ ಕಾಲದಲ್ಲಿ, ದಂಡಿನೊಡನೆ ಉಜ್ಜಯಿನಿಗೆ ಹೋಗಿದ್ದ ಸುರಿಟಿ ಅಪ್ಪಯ್ಯನೆಂಬ ಡೋಲಿ ಹೊರುವವನು, ಊರಿನ ಬೇನೆ ತಗ್ಗಿದರೆ ಅಲ್ಲಿಯ ಮಹಾಕಾಳಿಯನ್ನು ತನ್ನೂರಿನಲ್ಲಿಯೂ ಪ್ರತಿಷ್ಠಿಸುವೆನೆಂದು ಹರಕೆ ಹೊತ್ತು, 1815ರಲ್ಲಿ ಹಿಂದಿರುಗಿ ಮರದ ಮೂರ್ತಿಯನ್ನು ಸ್ಥಾಪಿಸಿದನು. ಸೈನ್ಯದ ಬೀಡಿದ್ದ ಸ್ಥಳವಾದ್ದರಿಂದ ಅಲ್ಲಿಯ ಉತ್ಸವಕ್ಕೆ ಇಂದಿಗೂ ಲಷ್ಕರ್ ಬೋನಾಲು ಎಂದೇ ಹೆಸರು. ಆದರೆ ಹಬ್ಬವೇ ಆ ಹರಕೆಯಿಂದ ಹುಟ್ಟಿತೆಂದು ನಾನು ಒಪ್ಪಲಾರೆ. ಮಳೆ ಬಿದ್ದು ರೋಗಗಳು ತಲೆಯೆತ್ತುವ ಹೊತ್ತಿಗೆ ಗ್ರಾಮದೇವತೆಗೆ ಅನ್ನವೊಯ್ದು ಊರನ್ನು ಕಾಯೆಂದು ಬೇಡುವ ರೂಢಿಯು ದಖನ್ನಿನ ಹಳ್ಳಿಗಳಲ್ಲಿ ಅದಕ್ಕಿಂತ ಬಹು ಹಳೆಯದು. ಡೋಲಿಯವನ ಭಕ್ತಿಯು ಅದಕ್ಕೆ ದಂಡಿನ ನಡುವೆ ಒಂದು ಗುಡಿಯನ್ನು ಕೊಟ್ಟಿತು. ಇಂದು ಉತ್ಸವವು ಗೋಲ್ಕೊಂಡದ ಕೋಟೆಯಲ್ಲಿ ಮೊದಲುಗೊಂಡು, ಲಷ್ಕರಿಗೆ ಬಂದು, ಹಳೆಯ ಪಟ್ಟಣದ ಲಾಲ್ ದರವಾಜೆಯನ್ನು ಮುಟ್ಟುತ್ತದೆ. ಲಷ್ಕರಿನಲ್ಲಿ ಬೋನದ ಮರುದಿನ ನಡೆವ ರಂಗಂ ಎಂಬ ಆಚರಣೆಯಲ್ಲಿ, ಹಸಿ ಮಡಕೆಯ ಮೇಲೆ ನಿಂತ ಹೆಂಗಸೊಬ್ಬಳು ದೇವಿಯ ಆವೇಶದಲ್ಲಿ ವರ್ಷದ ಮಳೆಬೆಳೆಗಳ ಭವಿಷ್ಯವನ್ನು ನುಡಿಯುತ್ತಾಳೆ.

2014ರಲ್ಲಿ ತೆಲಂಗಾಣ ರಾಜ್ಯವು ಉದಯಿಸಿದಾಗ ಸರ್ಕಾರವು ಬೋನಾಲನ್ನು ರಾಜ್ಯದ ಹಬ್ಬವೆಂದು ಘೋಷಿಸಿತು. ಕೂಲಿಕಾರರ ಕೇರಿಗಳು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಆಚರಣೆಗೆ ಸಂದ ಈ ಮನ್ನಣೆ ನ್ಯಾಯವಾದುದು.

ಈ ಹಬ್ಬವು ಕನ್ನಡಿಗರಿಗೂ ಹೊರಗಿನದಲ್ಲ. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು. ಹೈದರಾಬಾದಿನ ಬಲ್ಕಂಪೇಟೆಯ ಎಲ್ಲಮ್ಮನ ಹೆಸರು ಕೇಳಿದೊಡನೆ ನಮಗೆ ಸವದತ್ತಿ ನೆನಪಾಗುತ್ತದೆ. ಹೈದರಾಬಾದಿನಲ್ಲಿ ಮನೆ ಮಾಡಿರುವ ಕನ್ನಡಿಗರು ಬರುವ ಆಷಾಢದ ಭಾನುವಾರ ಮಕ್ಕಳನ್ನು ಕರೆದುಕೊಂಡು ಲಷ್ಕರಿನ ಗುಡಿಯ ಬೀದಿಯಲ್ಲಿ ಬೆಳಗಿನ ಜಾವವೇ ನಿಲ್ಲಲಿ. ಮೊದಲ ಗಡಿಗೆ ಸಾಗಿಬಂದಾಗ, ಬೋನವೆಂಬುದು ನಮ್ಮ ಮಾತೂ ಹೌದೆಂದು ಅವರಿಗೆ ತಿಳಿಸಲಿ.