ಹಳೆ ಮದ್ರಾಸ್ ರಸ್ತೆಯ ಫೋನ್ ಸೀಮೆ

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಣೆ, ಪಕ್ಕದ ವೇಮಗಲ್‌ನಲ್ಲಿ ಉಪಗ್ರಹ ಜೋಡಣೆ. ಆದರೆ ಫೋನಿನ ಮಿದುಳಾದ ಚಿಪ್ ಈಗಲೂ ಸಮುದ್ರ ದಾಟಿಯೇ ಬರುತ್ತಿದೆ. ಈ ಸರಪಳಿಯಲ್ಲಿ ಕೋಲಾರ ಯಾವ ಕೊಂಡಿಯನ್ನು ಕೇಳಿ ಪಡೆಯಬೇಕು?

ಬೆಂಗಳೂರಿನ ಹಲಸೂರು ದಾಟಿ ಕೆ.ಆರ್. ಪುರದ ಕಡೆ ಹೊರಟರೆ ಹಳೆ ಮದ್ರಾಸ್ ರಸ್ತೆಯ ಬದಿಗೆ ದೂರವಾಣಿನಗರ ಸಿಗುತ್ತದೆ. ಜನರ ಬಾಯಲ್ಲಿ ‘ಐಟಿಐ’ ಆಗಿರುವ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಇಲ್ಲಿ ಶುರುವಾದದ್ದು 1948ರಲ್ಲಿ. ಸರ್ಕಾರಿ ಕಚೇರಿಗಳ ಮೇಜಿನ ಮೇಲೆ ಗತ್ತಿನಿಂದ ಕೂತಿರುತ್ತಿದ್ದ, ಬೆರಳು ತೂರಿಸಿ ತಿರುಗಿಸುವ ಕಪ್ಪು ಫೋನುಗಳ ತವರು ಇದು. ಅದೇ ರಸ್ತೆಯಲ್ಲಿ ಹೊಸಕೋಟೆ ದಾಟಿ ಕೋಲಾರದ ಕಡೆ ಸಾಗಿದರೆ ನರಸಾಪುರ ಕೈಗಾರಿಕಾ ಪ್ರದೇಶ. ಇಲ್ಲಿ 2020ರಿಂದ ಐಫೋನ್ ತಯಾರಾಗುತ್ತಿದೆ. ಕಪ್ಪು ಫೋನಿನಿಂದ ಐಫೋನಿನವರೆಗೆ ಎಪ್ಪತ್ತು ವರ್ಷದ ಚರಿತ್ರೆ ಒಂದೇ ರಸ್ತೆಯ ಮೇಲಿದೆ.

ನರಸಾಪುರದ ನೆರೆಯ ಹೋಬಳಿಯೇ ವೇಮಗಲ್. ರೇಷ್ಮೆ, ಟೊಮೆಟೊ, ಡೇರಿಯ ಹಾಲು ನಂಬಿ ಬದುಕಿದ್ದ ಈ ಊರು ಈಗ ವೇಮಗಲ್-ಕುರುಗಲ್ ಪಟ್ಟಣ ಪಂಚಾಯಿತಿ. 2025ರಲ್ಲಿ ಅದಕ್ಕೆ ಮೊದಲ ಚುನಾವಣೆಯೂ ನಡೆಯಿತು. ಇಲ್ಲಿನ ಟಾಟಾ ಅಡ್ವಾನ್ಸ್ಡ್ ಸಿಸ್ಟಮ್ಸ್ ಘಟಕದಲ್ಲಿ ಜೋಡಣೆಯಾದ ‘ಟಿಸ್ಯಾಟ್-1ಎ’ ಎಂಬ ಪುಟ್ಟ ಉಪಗ್ರಹ 2024ರ ಏಪ್ರಿಲ್‌ನಲ್ಲಿ ಅಮೆರಿಕದಿಂದ ಫಾಲ್ಕನ್-9 ರಾಕೆಟ್ ಏರಿ ಕಕ್ಷೆ ಸೇರಿತು. ಏರ್‌ಬಸ್‌ನ ಎಚ್‌125 ಹೆಲಿಕಾಪ್ಟರ್ ಜೋಡಣೆಗೂ ಟಾಟಾ ಆರಿಸಿಕೊಂಡದ್ದು ಇದೇ ವೇಮಗಲ್ ಅನ್ನು. ಈ ಸೀಮೆಗೆ ದೊಡ್ಡ ಹೆಸರುಗಳು ಬಂದಿವೆ. ಆ ಹೆಸರುಗಳ ಜೊತೆ ವಿದ್ಯೆ ಎಷ್ಟು ಬಂತು ಎಂದು ಕೇಳುವ ಹೊತ್ತು ಇದು.

ಪೀಣ್ಯದಿಂದ ನರಸಾಪುರಕ್ಕೆ

ಭಾರತದಲ್ಲಿ ಐಫೋನ್ ಜೋಡಣೆಯನ್ನು ಮೊದಲು ಕೈಗೆತ್ತಿಕೊಂಡದ್ದು ತೈವಾನಿನ ವಿಸ್ಟ್ರಾನ್ ಕಂಪನಿ, 2017ರಲ್ಲಿ, ಬೆಂಗಳೂರಿನ ಪೀಣ್ಯದಲ್ಲಿ. ಜಾಗ ಸಾಲದೆ ಅದು ನರಸಾಪುರದಲ್ಲಿ 43 ಎಕರೆ ಪಡೆಯಿತು. 2020ರಲ್ಲಿ ಕೇಂದ್ರ ಸರ್ಕಾರ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ ಪ್ರಕಟಿಸಿತು. ಹೆಚ್ಚುವರಿ ಮಾರಾಟದ ಮೇಲೆ ಶೇ 4ರಿಂದ 6ರಷ್ಟು ಹಣ, ಐದು ವರ್ಷದ ಮಟ್ಟಿಗೆ. ಕಾರ್ಖಾನೆ ಓಡತೊಡಗಿತು. 2023ರ ಅಕ್ಟೋಬರ್‌ನಲ್ಲಿ ಸುಮಾರು 12.5 ಕೋಟಿ ಡಾಲರ್‌ಗೆ ಅದನ್ನು ಕೊಳ್ಳುವ ಒಪ್ಪಂದವನ್ನು ಟಾಟಾ ಎಲೆಕ್ಟ್ರಾನಿಕ್ಸ್ ಮಾಡಿಕೊಂಡಿತು. ಭಾರತೀಯ ಕಂಪನಿಯೊಂದು ಐಫೋನ್ ಜೋಡಿಸುವಂತಾದದ್ದು ಅಲ್ಲಿಂದಲೇ.

ಈ ಕಥೆಯ ನಡುವೆ ಕೋಲಾರದವರು ಮರೆಯದ ಒಂದು ಬೆಳಗು ಇದೆ. 2020ರ ಡಿಸೆಂಬರ್ 12, ಶನಿವಾರ. ವಿಸ್ಟ್ರಾನ್‌ನ ನರಸಾಪುರ ಕಾರ್ಖಾನೆಯಲ್ಲಿ ರಾತ್ರಿ ಶಿಫ್ಟ್ ಮುಗಿಯುವ ಹೊತ್ತಿಗೆ ಕಾರ್ಮಿಕರ ಸಿಟ್ಟು ಸ್ಫೋಟಿಸಿ ಗಾಜು ಪುಡಿಯಾಯಿತು, ವಾಹನಗಳಿಗೆ ಬೆಂಕಿ ಬಿತ್ತು, ನೂರಕ್ಕೂ ಹೆಚ್ಚು ಮಂದಿ ಬಂಧನಕ್ಕೊಳಗಾದರು. ದೊಂಬಿಯನ್ನು ಯಾರೂ ಸಮರ್ಥಿಸಲಿಲ್ಲ. ಆದರೆ ತನಿಖೆಯಲ್ಲಿ ಹೊರಬಿದ್ದದ್ದು ಲೆಕ್ಕದ ಪುಸ್ತಕದ ಹುಳುಕು. ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ ಹತ್ತು ಸಾವಿರ ದಾಟಿತ್ತು. ಅವರಲ್ಲಿ ಬಹುಪಾಲು ಜನ ಹಲವು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಎಂಟು ಗಂಟೆಯ ಪಾಳಿ ಹನ್ನೆರಡು ಗಂಟೆಗೆ ಬದಲಾಗಿತ್ತು. ಹಾಜರಾತಿ, ಓಟಿ (ಹೆಚ್ಚುವರಿ ಅವಧಿಯ ದುಡಿಮೆ), ಸಂಬಳದ ಲೆಕ್ಕಗಳು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಅಕ್ಟೋಬರ್, ನವೆಂಬರ್‌ನಲ್ಲಿ ಕೆಲವರಿಗೆ ಸಂಬಳ ತಡವಾದದ್ದನ್ನು ಆ್ಯಪಲ್ ಒಪ್ಪಿಕೊಂಡಿತು. ವಿಸ್ಟ್ರಾನ್ ಅನ್ನು ನಿಗಾದಲ್ಲಿಟ್ಟು, ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. ವಿಸ್ಟ್ರಾನ್ ಕಾರ್ಮಿಕರ ಕ್ಷಮೆ ಕೇಳಿ, ಭಾರತದ ವಹಿವಾಟು ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆದುಹಾಕಿತು. ಕೋಟಿಗಟ್ಟಲೆ ಟ್ರಾನ್ಸಿಸ್ಟರುಗಳ ಲೆಕ್ಕ ತಪ್ಪದ ಉದ್ಯಮ ಹಾಜರಿ ಪುಸ್ತಕದ ಲೆಕ್ಕದಲ್ಲಿ ಎಡವಿತ್ತು.

ಲೋಹದ ಪೆಟ್ಟಿಗೆಯೊಳಗೆ

ಫೋನ್ ಜೋಡಣೆ ಎಂದರೆ ಸ್ಕ್ರೂ ತಿರುಗಿಸುವ ಕೆಲಸ ಎಂದು ಮೂಗು ಮುರಿಯುವವರುಂಟು. ಸ್ಕ್ರೂ ತಿರುಗಿಸುವುದು ಇದೆ, ನಿಜ. ಎಷ್ಟು ಬಿಗಿಯಾಗಬೇಕೋ ಅಷ್ಟಕ್ಕೆ ತಾನೇ ನಿಲ್ಲುವ ವಿದ್ಯುತ್ ಸ್ಕ್ರೂಡ್ರೈವರ್ ಕೈಯಲ್ಲಿ, ಮೈಯ ಸ್ಥಿರ ವಿದ್ಯುತ್ತು ಭೂಮಿಗಿಳಿಯಲೆಂದು ಮಣಿಕಟ್ಟಿಗೆ ಪಟ್ಟಿ, ತಲೆಗೆ ಟೋಪಿ. ಆದರೆ ಲೈನಿನ ಕೊನೆಯಲ್ಲಿ ನಡೆಯುವ ರೇಡಿಯೊ ಪರೀಕ್ಷೆಯನ್ನು ನೋಡಿದವರು ಈ ಮಾತು ಆಡಲಾರರು.

ಜೋಡಣೆಯಾದ ಫೋನನ್ನು ಒಂದು ಲೋಹದ ಪೆಟ್ಟಿಗೆಯಲ್ಲಿಟ್ಟು ಮುಚ್ಚುತ್ತಾರೆ. ಹೊರಗಿನ ಯಾವ ಟವರಿನ ಅಲೆಯೂ ಒಳಗೆ ಸುಳಿಯುವಂತಿಲ್ಲ. ಒಳಗಿನ ಉಪಕರಣವೊಂದು ತಾನೇ ಟವರ್ ಎಂಬಂತೆ ಫೋನಿನೊಡನೆ ಮಾತಿಗಿಳಿಯುತ್ತದೆ. ಒಂದೇ ವಿನ್ಯಾಸದ ಎರಡು ಫೋನುಗಳಾದರೂ ರೇಡಿಯೊ ಶಕ್ತಿಯಲ್ಲಿ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತದೆ. ಉಪಕರಣ ಆ ವ್ಯತ್ಯಾಸವನ್ನು ಅಳೆಯುತ್ತದೆ. ತಿದ್ದುಪಡಿಯ ಅಂಕಿಗಳು ಆ ಫೋನಿನ ನೆನಪಿನಲ್ಲೇ ದಾಖಲಾಗುತ್ತವೆ. ಫೋನ್ ಬಳಸುವ ಪ್ರತಿ ತರಂಗ ಬ್ಯಾಂಡಿಗೂ ಇದು ಆಗಬೇಕು. 700 ಮೆಗಾಹರ್ಟ್ಸ್‌ನ ಅಲೆ ದೂರ ಹೋಗುತ್ತದೆ, ಗೋಡೆ ತೂರುತ್ತದೆ, ಆದರೆ ಹೊರುವ ಡೇಟಾ ಕಡಿಮೆ. 5ಜಿಯ 3,300 ಮೆಗಾಹರ್ಟ್ಸ್ ಆಸುಪಾಸಿನ ಅಲೆ ಡೇಟಾ ಧಾರಾಳವಾಗಿ ಹೊರುತ್ತದೆ, ಆದರೆ ಬೇಗ ದಣಿಯುತ್ತದೆ. ಪೇಟೆಯಲ್ಲಿ ಪೂರ್ತಿ ಕಡ್ಡಿ ತೋರಿಸುವ ಫೋನಿಗೆ ಟೊಮೆಟೊ ತೋಟದಲ್ಲಿ ‘ಟವರ್ ಸಿಗ್ತಿಲ್ಲ’ ಎನ್ನುವ ದೂರಿಗೆ ಇದೂ ಒಂದು ಕಾರಣ. ಪೆಟ್ಟಿಗೆಯೊಳಗಿನ ಅಳತೆ ತಪ್ಪಿದರೆ ಅದೇ ತೋಟದಲ್ಲಿ ಬ್ಯಾಟರಿಯೂ ಬೇಗ ಬರಿದಾಗುತ್ತದೆ.

ಈ ತಿದ್ದುಪಡಿಯ ಅಂಕಿಗಳಂತೆ ಪ್ರತಿ ಫೋನಿಗೂ ತನ್ನದೇ ಗುರುತಿನ ಸಂಖ್ಯೆಯೂ ಇದೆ. ನಿಮ್ಮ ಫೋನಿನಲ್ಲಿ ಸ್ಟಾರ್, ಹ್ಯಾಷ್, ಸೊನ್ನೆ, ಆರು, ಹ್ಯಾಷ್ ಒತ್ತಿದರೆ 15 ಅಂಕಿಯ ಐಎಂಇಐ ಸಂಖ್ಯೆ ಕಾಣುತ್ತದೆ. ಮೊದಲ ಎಂಟು ಅಂಕಿ ಫೋನಿನ ಮಾದರಿ ಹೇಳುತ್ತವೆ, ಮುಂದಿನ ಆರು ಅದರ ಕ್ರಮಸಂಖ್ಯೆ. ಕೊನೆಯದು ಉಳಿದ ಅಂಕಿಗಳಲ್ಲಿ ತಪ್ಪಾಗಿದೆಯೇ ಎಂದು ಪತ್ತೆ ಹಚ್ಚುವ ತಾಳೆ ಅಂಕಿ. ಜಗತ್ತಿನ ಯಾವ ಟವರಿನ ಮುಂದೆ ನಿಂತರೂ ಆ ಫೋನಿನ ಗುರುತು ಇದೇ.

ಚಿಪ್ ಎಲ್ಲಿಂದ?

ಇಷ್ಟಾದರೂ ಫೋನಿನ ಬೆಲೆಯಲ್ಲಿ ಹೆಚ್ಚಿನ ಪಾಲು ಹೊರಗಿನಿಂದ ಬರುವ ಬಿಡಿಭಾಗಗಳದು. 2023ರ ಐಫೋನಿನ ‘ಎ17 ಪ್ರೊ’ ಚಿಪ್‌ನಲ್ಲಿ 1,900 ಕೋಟಿ ಟ್ರಾನ್ಸಿಸ್ಟರುಗಳಿವೆ. ಮೂರು ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ ಅದನ್ನು ಮಾಡಿಕೊಡುವುದು ತೈವಾನಿನ ಟಿಎಸ್‌ಎಂಸಿ. ಟವರಿನೊಡನೆ ಮಾತಾಡುವ ಮೋಡೆಮ್ ಚಿಪ್ ವರ್ಷಗಳಿಂದ ಅಮೆರಿಕದ ಕ್ವಾಲ್ಕಾಮ್‌ನದು; ಆ್ಯಪಲ್ ತನ್ನದೇ ‘ಸಿ1’ ಮೋಡೆಮ್ ಹೊರತಂದದ್ದು 2025ರಲ್ಲಿ. ಮೋಡೆಮ್ ಎಷ್ಟು ಕಷ್ಟದ ವಿದ್ಯೆ ಎಂಬುದಕ್ಕೆ ಅಷ್ಟು ದೊಡ್ಡ ಕಂಪನಿಗೂ ಹಿಡಿದ ಇಷ್ಟು ಕಾಲವೇ ಸಾಕ್ಷಿ.

ಹಾಗೆಂದು ಈ ವಿದ್ಯೆ ನಮಗೆ ಅಪರಿಚಿತವಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲೇ ಬೆಂಗಳೂರಿಗೆ ಬಂದು ಚಿಪ್ ವಿನ್ಯಾಸಕ್ಕೆ ಕೈಹಾಕಿತು. ಬೆಂಗಳೂರಿನ ಸಿಗ್ನಲ್‌ಚಿಪ್ ಎಂಬ ಸಣ್ಣ ಕಂಪನಿ ವರ್ಷಗಟ್ಟಲೆ ದುಡಿದು 2019ರ ಫೆಬ್ರುವರಿಯಲ್ಲಿ ದೇಶದ ಮೊದಲ 4ಜಿ, 5ಜಿ ಮೋಡೆಮ್ ಚಿಪ್‌ಗಳನ್ನು ತೋರಿಸಿತು. ಆ ಸರಣಿಗೆ ಇಟ್ಟ ಹೆಸರು ‘ಆಗುಂಬೆ’. ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್‌ನ ‘ಪೃಥ್ವಿ’ ಚಿಪ್‌ಗಳೂ ಇದೇ ದಾರಿಯವು. ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್‌ನ ಗ್ರಾಮೀಣ ದೂರವಾಣಿ ವಿನಿಮಯ ಕೇಂದ್ರ 1986ರಲ್ಲಿ ಮೊದಲು ಪರೀಕ್ಷೆಗಿಳಿದದ್ದು ನಮ್ಮ ಕಿತ್ತೂರಿನಲ್ಲಿ. ಅದೇ ಸಿ-ಡಾಟ್, ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಮತ್ತು ಟಿಸಿಎಸ್ ಸೇರಿ ಕಟ್ಟಿದ ಸ್ವದೇಶಿ 4ಜಿ ವ್ಯವಸ್ಥೆ 2025ರ ಸೆಪ್ಟೆಂಬರ್ 27ರಂದು ಬಿಎಸ್‌ಎನ್‌ಎಲ್‌ನ ಸುಮಾರು 97,500 ಟವರುಗಳ ಮೂಲಕ ಲೋಕಾರ್ಪಣೆಯಾಯಿತು. ಟವರಿನ ಕಡೆಯ ವಿದ್ಯೆ ನಮ್ಮ ಕೈಗೆ ಬಂದಿದೆ. ಫೋನಿನ ಕಡೆಯದು ಬಾಕಿ ಇದೆ.

ನೀರಿಲ್ಲದ ಊರಿನ ಲೆಕ್ಕ

ಹಾಗಾದರೆ ವೇಮಗಲ್‌ಗೆ ಚಿಪ್ ತಯಾರಿಸುವ ಫ್ಯಾಬ್ ಬರಲಿ ಎಂದು ಕೇಳೋಣವೇ? ಬೇಡ ಎಂಬುದು ನನ್ನ ಅಭಿಪ್ರಾಯ. ಫ್ಯಾಬ್ ದಿನಕ್ಕೆ ಲಕ್ಷಾಂತರ ಲೀಟರ್ ಅತಿಶುದ್ಧ ನೀರು ಕುಡಿಯುತ್ತದೆ. ಸಿಲಿಕಾನ್ ಬಿಲ್ಲೆಯನ್ನು ಹಂತಹಂತಕ್ಕೂ ತೊಳೆಯಬೇಕು. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿ ಎಷ್ಟೋ ಕಾಲವಾಯಿತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದು ನರಸಾಪುರದಂಥ ಕೆರೆಗಳು ತುಂಬಿದ್ದೇ ಇಲ್ಲಿ ದೊಡ್ಡ ಸುದ್ದಿ, ಅದರ ಗುಣಮಟ್ಟದ ಚರ್ಚೆ ಬೇರೆ. ಇಂಥ ಸೀಮೆಗೆ ಫ್ಯಾಬ್ ತಂದರೆ ಮೊದಲು ಬಾಯಾರುವುದು ಹಿಪ್ಪುನೇರಳೆ ತೋಟ. ಟಾಟಾ ಎಲೆಕ್ಟ್ರಾನಿಕ್ಸ್‌ನ ಫ್ಯಾಬ್ ಗುಜರಾತಿನ ಧೋಲೆರಾದಲ್ಲಿ ಆಗುತ್ತಿದೆ, ಚಿಪ್ ಪ್ಯಾಕೇಜಿಂಗ್ ಅಸ್ಸಾಮಿನಲ್ಲಿ. ಅದರ ಬಗ್ಗೆ ಹೊಟ್ಟೆಕಿಚ್ಚು ಪಡಬೇಕಿಲ್ಲ. ಧೋಲೆರಾದಲ್ಲಿ ಉದ್ದೇಶಿಸಿರುವುದೂ 28 ನ್ಯಾನೊಮೀಟರ್ ಮತ್ತು ಅದಕ್ಕಿಂತ ದಪ್ಪದ ಚಿಪ್‌ಗಳನ್ನೇ, ಐಫೋನಿನ ಮಿದುಳನ್ನಲ್ಲ.

ಕೋಲಾರಕ್ಕೆ ಹೊಂದುವ ಕೊಂಡಿ ಹೆಚ್ಚು ನೀರು ಬೇಡದ, ತಲೆ ಮತ್ತು ಕೈ ಎರಡನ್ನೂ ಬೇಡುವ ಕೆಲಸ: ರೇಡಿಯೊ ಪರೀಕ್ಷೆ, ಆಂಟೆನಾ ಮತ್ತು ಕ್ಯಾಮೆರಾ ಮಾಡ್ಯೂಲುಗಳ ಜೋಡಣೆ, ಪರೀಕ್ಷಾ ಉಪಕರಣಗಳ ತಯಾರಿ, ಹಳೆ ಫೋನುಗಳ ದುರಸ್ತಿ. ವಿನ್ಯಾಸ ಮಾಡುವ ಬೆಂಗಳೂರು ಒಂದೆರಡು ಗಂಟೆಯ ದಾರಿ. ಜೋಡಿಸುವ ಕಾರ್ಖಾನೆ ಊರಲ್ಲೇ ಇದೆ. ನಡುವೆ ಕಾಣೆಯಾಗಿರುವುದು ಮುಳಬಾಗಿಲು, ಶ್ರೀನಿವಾಸಪುರ, ಮಾಲೂರಿನ ಮಕ್ಕಳು ಲೈನಿನಿಂದ ಪ್ರಯೋಗಾಲಯಕ್ಕೆ ಏರುವ ಮೆಟ್ಟಿಲು. ಇಂದು ಪಿಯುಸಿ ಅಥವಾ ಕೈಗಾರಿಕಾ ತರಬೇತಿ (ಇದೂ ಐಟಿಐ) ಮುಗಿಸಿ ಲೈನಿಗೆ ಸೇರಿದ ಹುಡುಗಿ ಕೆಲವು ವರ್ಷದ ನಂತರವೂ ಅದೇ ಲೈನಿನಲ್ಲಿ ನಿಂತಿದ್ದರೆ, ಅಥವಾ ಗುತ್ತಿಗೆ ಮುಗಿದು ಮನೆಗೆ ಮರಳಿದ್ದರೆ, ಊರಿಗೆ ಬಂದದ್ದು ಕೂಲಿ ಮಾತ್ರ.

2023ರಲ್ಲಿ ರಾಜ್ಯ ಸರ್ಕಾರ ಕಾರ್ಖಾನೆ ಕಾಯ್ದೆ ತಿದ್ದಿ ದಿನಕ್ಕೆ ಹನ್ನೆರಡು ಗಂಟೆ ದುಡಿಮೆಗೂ ಮಹಿಳೆಯರ ರಾತ್ರಿ ಪಾಳಿಗೂ ದಾರಿ ಮಾಡಿತು. ಮೂರು ತಿಂಗಳ ಓಟಿ ಮಿತಿಯನ್ನು 75 ಗಂಟೆಯಿಂದ 145ಕ್ಕೆ ಏರಿಸಿತು. ಉದ್ಯಮ ಕೇಳಿದ್ದು ಅದಕ್ಕೆ ಸಿಕ್ಕಿದೆ. ಈಗ ಊರು ಕೇಳುವ ಸರದಿ. ಇನ್ನು ಮುಂದೆ ವೇಮಗಲ್, ನರಸಾಪುರದಲ್ಲಿ ಎಕರೆ ಲೆಕ್ಕದಲ್ಲಿ ಜಮೀನು ಕೊಡುವಾಗ ಸರ್ಕಾರ ಮೂರು ಷರತ್ತು ಬರೆಸಿಕೊಳ್ಳಲಿ. ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್ ವಿದ್ಯಾರ್ಥಿಗಳಿಗೆ ತೆರೆದಿರುವ ಒಂದು ರೇಡಿಯೊ ಪರೀಕ್ಷಾ ಪ್ರಯೋಗಾಲಯ. ಲೈನಿನಲ್ಲಿ ದುಡಿಯುವವರಿಗೆ ಸಂಬಳ ಸಹಿತ ಡಿಪ್ಲೊಮಾ. ಗುತ್ತಿಗೆಯವರಿಗೂ ಕಾಯಂ ನೌಕರರಿಗೂ ಒಂದೇ ಹಾಜರಿ, ಒಂದೇ ಓಟಿ ಲೆಕ್ಕ, ಅದು ಕೆಲಸಗಾರರ ಫೋನಿನಲ್ಲೇ ಪ್ರತಿದಿನ ಕಾಣಬೇಕು. ಅಷ್ಟು ಫೋನ್ ಮಾಡುವ ಊರಿನಲ್ಲಿ ಇದು ದೊಡ್ಡ ಬೇಡಿಕೆಯೇನಲ್ಲ.